ಪರಿಹಾರಕ್ಕೆ ಚಾಲಕನ ಜೈಲು ಬೇಕಿಲ್ಲ

ಬಳ್ಳಾರಿ ಕಡೆಯಿಂದ ಬರುವ 150ಎ ರಾಷ್ಟ್ರೀಯ ಹೆದ್ದಾರಿ ರಾಂಪುರ, ಹಾನಗಲ್, ಬಿ.ಜಿ.ಕೆರೆ, ತಳಕು ದಾಟಿ ಚಳ್ಳಕೆರೆ ಸೇರಿ, ಅಲ್ಲಿಂದ ಹಿರಿಯೂರಿಗೆ ಹೋಗುತ್ತದೆ. ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಹೊಟ್ಟೆಪಾಡು ಈ ದಾರಿಯ ಮೇಲೇ ಓಡಾಡುತ್ತದೆ. ಶೇಂಗಾ ಮೂಟೆ ಎಪಿಎಂಸಿಗೆ ಹೋಗುವುದೂ ಇದರ ಮೇಲೆ, ಕೂಲಿಯವರು ಹೊಲಕ್ಕೆ ಹೋಗುವುದೂ ಇದರ ಮೇಲೆ, ಕುರಿಮಂದೆ ಮೇವಿಗೆ ದಾಟುವುದೂ ಇದನ್ನೇ.

ಈ ದಾರಿಯಲ್ಲಿ ಹೀಗೊಂದು ಸಂಜೆಯನ್ನು ಊಹಿಸಿಕೊಳ್ಳಿ. ಚಳ್ಳಕೆರೆಯಲ್ಲಿ ಹಮಾಲಿ ಮಾಡುವ 38ರ ವಯಸ್ಸಿನವನೊಬ್ಬ ಟಿವಿಎಸ್ ಎಕ್ಸೆಲ್ ಮೇಲೆ ಊರಿಗೆ ಹೊರಟಿದ್ದಾನೆ. ಹಿಂದಿನಿಂದ ಬಂದ ಲಗೇಜ್ ಗಾಡಿ ಗುದ್ದುತ್ತದೆ. ಓಡಿಸುತ್ತಿದ್ದವನು ಪಕ್ಕದ ಹೋಬಳಿಯ 24ರ ಹುಡುಗ. ಗಾಡಿ ಅವನದಲ್ಲ, ಸಂಬಳಕ್ಕೆ ಓಡಿಸುವವನು. ಜನ ಸೇರುತ್ತಾರೆ. ಕನ್ನಡ, ತೆಲುಗು ಎರಡರಲ್ಲೂ ಬೈಗುಳ ಏಳುತ್ತವೆ. ಬಿದ್ದವನು ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಳ್ಳುತ್ತಾನೆ. ಮೂರನೆಯ ದಿನ ಊರ ಹಿರಿಯರೊಬ್ಬರು ಬಂದು ಹೆಂಡತಿಗೆ ಹೇಳುತ್ತಾರೆ: ‘ನೋಡಮ್ಮ, ಹೋದ ಜೀವ ತಿರುಗಿ ಬರಾಕಿಲ್ಲ. ಕೇಸು ಕೋರ್ಟು ಅಂತ ಚಪ್ಪಲಿ ಸವೆಸೋದ್ಯಾಕೆ? ಓನರ್ ಕೈಲಿ ಒಂದು ಲಕ್ಷ ಕೊಡಿಸ್ತೀವಿ, ಮುಗಿಸ್ಕೊ.’ ಅತ್ತ ಹುಡುಗನಿಗೆ ಇನ್ನೊಬ್ಬರ ಬುದ್ಧಿಮಾತು: ‘ಕೋರ್ಟಲ್ಲಿ ತಪ್ಪಾತು ಅಂತ ಒಪ್ಕೊಂಡ್ಬಿಡು ಮಗ, ದಂಡ ಕಟ್ಟಿದ್ರೆ ಬೇಗ ಮುಗೀತೈತೆ.’

ಇಬ್ಬರ ಮಾತಿನಲ್ಲೂ ಕೆಟ್ಟ ಉದ್ದೇಶ ಇಲ್ಲದಿರಬಹುದು. ಆದರೆ ಮೊದಲ ಮಾತು ಒಂದು ಸಂಸಾರದ ಹದಿನೈದು ವರ್ಷದ ಅನ್ನವನ್ನು ಕಳೆಯುತ್ತದೆ; ಎರಡನೆಯದು ಒಬ್ಬ ಹುಡುಗನ ಹಣೆಗೆ ಅಪರಾಧಿ ಎಂಬ ಚೀಟಿ ಅಂಟಿಸುತ್ತದೆ. ಎರಡೂ ಮಾತಿನ ಬೇರು ಒಂದೇ ತಪ್ಪು ತಿಳಿವಳಿಕೆಯಲ್ಲಿದೆ: ಸತ್ತವನ ಕಡೆಯವರಿಗೆ ದುಡ್ಡು ಬರಬೇಕಾದರೆ ಓಡಿಸಿದವನು ಜೈಲಿಗೆ ಹೋಗಬೇಕು, ಅವನು ಉಳಿಯಬೇಕಾದರೆ ಇವರು ಕೈಬಿಡಬೇಕು ಎನ್ನುವ ಲೆಕ್ಕ. ಕಾನೂನಿನ ಲೆಕ್ಕ ಹಾಗಿಲ್ಲ.

ಒಂದು ಅಪಘಾತ ಆದ ಕೂಡಲೇ ಎರಡು ಮೊಕದ್ದಮೆಗಳು ಹುಟ್ಟುತ್ತವೆ. ಒಂದು ಜೆಎಂಎಫ್‌ಸಿ ಕೋರ್ಟಿನಲ್ಲಿ ನಡೆಯುವ ಕ್ರಿಮಿನಲ್ ಕೇಸು. ಅಲ್ಲಿ ಸರ್ಕಾರ ಒಂದು ಕಡೆ, ಚಾಲಕ ಇನ್ನೊಂದು ಕಡೆ. ಅವನು ಅಪರಾಧ ಮಾಡಿದನೇ ಎಂಬುದು ಪ್ರಶ್ನೆ. ಇನ್ನೊಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಡೆಯುವ ಕ್ಲೇಮು. ವಕೀಲರ ಬಾಯಲ್ಲಿ ಎಂವಿಸಿ ಕೇಸು. ಅಲ್ಲಿ ಗಾಯಾಳು ಅಥವಾ ಮೃತನ ಮನೆಯವರು ಒಂದು ಕಡೆ, ಮಾಲೀಕ ಮತ್ತು ವಿಮಾ ಕಂಪನಿ ಇನ್ನೊಂದು ಕಡೆ. ನಷ್ಟ ಎಷ್ಟು, ತುಂಬಿಕೊಡುವವರು ಯಾರು ಎಂಬುದು ಪ್ರಶ್ನೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಮಂಡಳಿಯಾಗಿ ಕೂರುತ್ತಾರೆ.

ಎರಡು ಕಡೆಯ ತಕ್ಕಡಿಯೂ ಬೇರೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಪರಿಹಾರ ಮಂಡಳಿಯಲ್ಲಿ, ನಡೆದದ್ದು ಹೀಗೇ ಇರಬೇಕು ಎಂಬ ಕಡೆಗೆ ಸಾಕ್ಷ್ಯ ವಾಲಿದರೆ ಸಾಕು. ಹೀಗಾಗಿ ಚಾಲಕ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರ ನಿಲ್ಲುವುದಿಲ್ಲ. ಚಲಿಸುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳಿರುವುದೇ ಇದಕ್ಕೆ: ದುಡ್ಡು ಬರಬೇಕಾದದ್ದು ಆ ಹುಡುಗನ ಜೇಬಿನಿಂದಲ್ಲ, ವಿಮೆಯಿಂದ.

ಮೊದಲು ಗಾಯಾಳುವಿನ ದಾರಿ ನೋಡೋಣ. ಇದು ಶುರುವಾಗುವುದು ರಸ್ತೆಯಲ್ಲೇ. 108ಕ್ಕೆ ಕರೆ ಮಾಡಿದವರನ್ನು, ಆಸ್ಪತ್ರೆಗೆ ಹೊತ್ತೊಯ್ದವರನ್ನು ಪೊಲೀಸರಾಗಲಿ ವೈದ್ಯರಾಗಲಿ ಸಾಕ್ಷಿಯಾಗು ಎಂದು ಹಿಡಿದು ಕೂರಿಸುವಂತಿಲ್ಲ. ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. ‘ನಮಗ್ಯಾಕೆ ಬೇಕು ಉಸಾಬರಿ’ ಎಂದು ನಿಂತು ನೋಡುವ ಕಾಲ ಹೋಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಸಿಗಬೇಕು. ಆಸ್ಪತ್ರೆ ಮೆಟ್ಟಿಲಲ್ಲೇ ಇದನ್ನು ಕೇಳಿ.

ನಂತರದ್ದು ಕಾಗದ. ಎಫ್‌ಐಆರ್ ದಾಖಲಿಸಿ, ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಯಾವ ಠಾಣೆಯ ಸರಹದ್ದು ಎಂಬ ಜಗಳಕ್ಕೂ ಈಗ ಅರ್ಥವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಒಂದೆರಡು ದಿನ ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಗಾಯಗೊಂಡವನ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆಯೇ ಹೊರತು ಠಾಣೆಗಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಸ್ಥಳ ಮಹಜರು, ನಕ್ಷೆ, ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟು ಅಥವಾ ಪೋಸ್ಟ್‌ಮಾರ್ಟಂ ವರದಿ, ಆಸ್ಪತ್ರೆ ಬಿಲ್ಲು, ಗಾಡಿಯ ಆರ್‌ಸಿ ಮತ್ತು ವಿಮೆ, ಚಾಲಕನ ಡಿಎಲ್, ಇವು ಕ್ಲೇಮಿನ ಕಂಬಗಳು.

2022ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಈ ಕಾಗದಗಳನ್ನು ಹೊಂದಿಸುವ ಹೊಣೆ ಬಹುಪಾಲು ಪೊಲೀಸರದ್ದೇ. 48 ಗಂಟೆಯೊಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ಪೂರ್ಣ ವರದಿ ಪರಿಹಾರ ಮಂಡಳಿಗೆ ಹೋಗಬೇಕು. ಆ ಪೂರ್ಣ ವರದಿಯನ್ನೇ ಮಂಡಳಿ ಪರಿಹಾರದ ಅರ್ಜಿಯಾಗಿ ಪರಿಗಣಿಸಬಹುದು. ಆದರೆ ಅದನ್ನೇ ನಂಬಿ ಸುಮ್ಮನೆ ಕೂರುವುದು ಬೇಡ. 2022ರ ಏಪ್ರಿಲ್ 1ರ ನಂತರದ ಅಪಘಾತಗಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ ನಿಜ. ಆದರೂ ಆರು ತಿಂಗಳೊಳಗೆ ಹಾಕುವುದೇ ಜಾಣತನ.

ಗಡಿ ತಾಲ್ಲೂಕಿನವರು ಗಮನಿಸಬೇಕಾದ ಅನುಕೂಲವೊಂದಿದೆ. ಮೊಳಕಾಲ್ಮುರಿನ ನೇಕಾರರು, ವ್ಯಾಪಾರಿಗಳು ರಾಯದುರ್ಗ, ಧರ್ಮಾವರಗಳಿಗೆ ಹೋಗಿಬರುವವರು. ಅಪಘಾತ ಆಂಧ್ರದ ನೆಲದಲ್ಲಾದರೆ ಕ್ಲೇಮಿಗಾಗಿ ಅಲ್ಲಿಗೇ ಅಲೆಯಬೇಕಿಲ್ಲ. ಅಪಘಾತ ಆದ ಜಾಗ, ಅರ್ಜಿದಾರ ವಾಸಿಸುವ ಅಥವಾ ದುಡಿಯುವ ಜಾಗ, ಎದುರುದಾರ ವಾಸಿಸುವ ಜಾಗ, ಈ ಮೂರರಲ್ಲಿ ಯಾವ ಮಂಡಳಿಗೆ ಬೇಕಾದರೂ ಹೋಗಬಹುದು. ಆಯ್ಕೆ ಅರ್ಜಿದಾರನದು.

ಈಗ ದುಡ್ಡಿನ ಲೆಕ್ಕ. ಇದನ್ನು ನ್ಯಾಯಾಧೀಶರ ಮರ್ಜಿ ಎಂದುಕೊಂಡವರೇ ಹೆಚ್ಚು. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು, 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ, ಇದನ್ನು ಶಾಲೆಯ ಹುಡುಗರೂ ಮಾಡಬಹುದಾದ ಗಣಿತಕ್ಕೆ ಇಳಿಸಿವೆ. ನಮ್ಮ ಹಮಾಲಿಯ ಲೆಕ್ಕವನ್ನೇ ಮಾಡೋಣ. ತಿಂಗಳ ದುಡಿಮೆ 15,000 ಎಂದಿಟ್ಟುಕೊಳ್ಳಿ. ಸ್ವಂತ ದುಡಿಮೆಯವನು, ವಯಸ್ಸು 40ರ ಒಳಗೆ. ಮುಂದೆ ಗಳಿಕೆ ಹೆಚ್ಚುತ್ತಿತ್ತು ಎಂದು ನೂರಕ್ಕೆ 40 ಸೇರಿಸಬೇಕು. ಅಲ್ಲಿಗೆ 21,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಅಂದರೆ ನಾಲ್ವರು ಅವಲಂಬಿತರು. ಅವನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಪಾಲು ಕಳೆಯಬೇಕು. ಉಳಿದದ್ದು 15,750. ವರ್ಷಕ್ಕೆ 1,89,000. 36ರಿಂದ 40ರ ವಯಸ್ಸಿಗೆ ಗುಣಕ 15. ಗುಣಿಸಿದರೆ 28,35,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಗೆ, ಆಸ್ತಿನಷ್ಟಕ್ಕೆ ತಲಾ 15,000, ಗಂಡನನ್ನು, ತಂದೆಯನ್ನು, ಮಗನನ್ನು ಕಳೆದುಕೊಂಡವರಿಗೆ ತಲಾ 40,000. ಈ ಮೊತ್ತಗಳು ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ಏರುತ್ತವೆ. ಎಲ್ಲ ಕೂಡಿದರೆ ಮೂವತ್ತು ಲಕ್ಷ ದಾಟುತ್ತದೆ. ಕಟ್ಟೆಯ ಮೇಲೆ ಕುಳಿತವರು ಕೊಡಿಸುತ್ತೇವೆಂದದ್ದು ಒಂದು ಲಕ್ಷ.

‘ಹಮಾಲಿಗೆ ಸಂಬಳದ ಚೀಟಿ ಎಲ್ಲಿಂದ ತರೋಣ?’ ಎನ್ನಬಹುದು. ತರಬೇಕಿಲ್ಲ. ಕರ್ನಾಟಕದ ಕೂಲಿಕಾರನೊಬ್ಬ ತಿಂಗಳಿಗೆ 4,500 ದುಡಿಯುತ್ತಿದ್ದೆ ಎಂದಾಗ ಮಂಡಳಿ 3,000ಕ್ಕೆ ಇಳಿಸಿತ್ತು. 2004ರ ಹೊತ್ತಿನ ಕೂಲಿ ದರ ನೋಡಿದರೆ ಅವನ ಮಾತು ಪ್ರಾಮಾಣಿಕವಾಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ 4,500ನ್ನೇ ಒಪ್ಪಿತು. ಬರಹದ ದಾಖಲೆ ಇಲ್ಲದವರಿಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಅಂದಾಜು ಆದಾಯದ ಪಟ್ಟಿಯನ್ನೇ ಮಾಡಿಟ್ಟಿದೆ. ನಮ್ಮ ಕೋರ್ಟುಗಳು ಅದನ್ನು ಬಳಸುತ್ತವೆ.

ಬದುಕುಳಿದು ಅಂಗ ಊನವಾದವರ ಲೆಕ್ಕ ಇನ್ನೂ ಸೂಕ್ಷ್ಮ. ವೈದ್ಯರು ಕಾಲಿನ ಊನ ನೂರಕ್ಕೆ 30 ಎಂದು ಬರೆದರೆ ದುಡಿಮೆಯ ನಷ್ಟವೂ ಅಷ್ಟೇ ಎಂದಲ್ಲ. ಆ ಊನ ಆ ಮನುಷ್ಯನ ಆ ಕಸುಬಿಗೆ ಎಷ್ಟು ಪೆಟ್ಟು ಕೊಟ್ಟಿತು ಎಂದು ನೋಡಬೇಕೆಂದು 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವನನ್ನು ನೆನೆಯಿರಿ. ಗುಂಡಿಮಗ್ಗದಲ್ಲಿ ಕೈ ಲಾಳಿ ಎಸೆಯುತ್ತಿದ್ದರೆ ಕಾಲು ಕೆಳಗಿನ ಹಲಗೆ ತುಳಿಯುತ್ತಿರಬೇಕು. ಮೊಣಕಾಲು ಮಡಚದ ಗುಮಾಸ್ತ ಕುರ್ಚಿಯ ಮೇಲೆ ಕೂತು ಸಂಬಳ ಎಣಿಸಬಹುದು. ಮೊಣಕಾಲು ಮಡಚದ ನೇಕಾರ ಗುಂಡಿಗೆ ಇಳಿಯಲಾರ. ವೈದ್ಯರ ಸರ್ಟಿಫಿಕೇಟು ಇಬ್ಬರಿಗೂ ಒಂದೇ, ನಷ್ಟ ಒಂದೇ ಅಲ್ಲ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬ ಕಾಲು ಕಳೆದುಕೊಂಡ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ದುಡಿಮೆಯ ನಷ್ಟವನ್ನು ನೂರಕ್ಕೆ 85 ಎಂದು ಲೆಕ್ಕ ಹಿಡಿಯಿತು. ಆದ್ದರಿಂದ ಮಂಡಳಿಯ ಮುಂದೆ ಕಸುಬನ್ನು ವಿವರಿಸಿ ಹೇಳಬೇಕು. ಮಗ್ಗದ ಫೋಟೊ ಸಹ ಸಾಕ್ಷ್ಯವೇ.

ಇಷ್ಟೆಲ್ಲ ಹಕ್ಕಿದ್ದರೂ ನಮ್ಮ ಕಡೆ ಒಂದು ದೊಡ್ಡ ತೂತಿದೆ. ಹೊಲದ ಕೂಲಿಗೆ, ಮದುವೆ ದಿಬ್ಬಣಕ್ಕೆ, ನಾಯಕನಹಟ್ಟಿ ತೇರಿಗೆ, ಗೌರಸಮುದ್ರ ಮಾರಮ್ಮನ ಜಾತ್ರೆಗೆ ಲಗೇಜ್ ಗಾಡಿಯಲ್ಲೋ ಟ್ರ್ಯಾಕ್ಟರ್ ಟ್ರೇಲರ್‌ನಲ್ಲೋ ನಿಂತು ಹೋಗುವ ರೂಢಿ. ಸರಕು ಸಾಗಿಸುವ ಗಾಡಿಯ ವಿಮೆ ಹೀಗೆ ಹತ್ತಿದ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ ಎಂದು 2003ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ತನ್ನ ಶೇಂಗಾ ಮೂಟೆಯ ಜೊತೆ ಎಪಿಎಂಸಿಗೆ ಹೊರಟ ರೈತನಿಗೆ ವಿಮೆ ಇದೆ. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಎಂದು 1994ರ ತಿದ್ದುಪಡಿ ಅವನನ್ನು ಒಳಗೆ ತಂದಿತು. ಗಾಡಿ ಮಾಲೀಕನ ಸಂಬಳದ ಹಮಾಲಿಗೂ ಇದೆ. ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದ ಹೆಣ್ಣುಮಗಳಿಗೆ ಇಲ್ಲ. ಅವಳ ಪರಿಹಾರ ಮಾಲೀಕನ ತಲೆಗೆ ಬೀಳುತ್ತದೆ. ಮಾಲೀಕನ ಹತ್ತಿರ ಇರುವುದು ಸಾಲದ ಗಾಡಿಯೊಂದೇ ಆದರೆ ತೀರ್ಪು ಕಾಗದದಲ್ಲೇ ಉಳಿಯುತ್ತದೆ. ಟ್ರೇಲರ್‌ಗೆ ಪ್ರತ್ಯೇಕ ವಿಮೆ ಮಾಡಿಸದೆ ಎಂಜಿನ್ನಿಗೆ ಮಾತ್ರ ಮಾಡಿಸಿ ಸುಮ್ಮನಾಗುವುದೂ ಇಂಥದೇ ತೂತು.

ಒಂದು ಗೊಂದಲವಂತೂ ಬಗೆಹರಿದಿದೆ. ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ ಡಿಎಲ್ ಇದ್ದವನು 7,500 ಕೆಜಿಗಿಂತ ಕಡಿಮೆ ತೂಕದ ಸರಕು ವಾಹನ ಓಡಿಸಬಹುದು, ಬೇರೆ ಅನುಮತಿ ಬೇಕಿಲ್ಲ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಲಗೇಜ್ ಗಾಡಿಯ ಹುಡುಗರ ಡಿಎಲ್ ಸರಿಯಿಲ್ಲ ಎಂದು ವಿಮಾ ಕಂಪನಿಗಳು ತೆಗೆಯುತ್ತಿದ್ದ ತಕರಾರಿಗೆ ಅಲ್ಲಿಗೆ ತೆರೆ ಬಿತ್ತು.

ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೆ? ಆಗಲೂ ಕೈ ಖಾಲಿಯಲ್ಲ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಕೊಡುವ ಯೋಜನೆ 2022ರಿಂದ ಇದೆ. ಹಣ ಕಡಿಮೆಯಾಯಿತೆಂದು ಯಾರದೋ ವಿಮೆ ಇರುವ ಗಾಡಿಯನ್ನು ತಂದು ‘ಇದೇ ಗುದ್ದಿದ್ದು’ ಎಂದು ತೋರಿಸಿಕೊಡುವ ದಲ್ಲಾಳಿಗಳ ಮಾತು ಕೇಳಬೇಡಿ. ಅದು ಕ್ಲೇಮನ್ನೂ ಮುಳುಗಿಸುತ್ತದೆ, ಕ್ಲೇಮು ಹಾಕಿದವರನ್ನೇ ಆರೋಪಿಗಳ ಸಾಲಿಗೆ ತಂದು ನಿಲ್ಲಿಸುತ್ತದೆ.

ಇನ್ನು ಆ 24ರ ಹುಡುಗನ ದಾರಿ. ಗುದ್ದಿದ ಕೂಡಲೇ ಓಡಿಹೋಗುವುದು ತಪ್ಪು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ. ಆದರೆ ಇದನ್ನು ಹೇಳುವ 134ನೇ ಕಲಂ ನಮ್ಮ ರಸ್ತೆಗಳ ಸ್ವಭಾವವನ್ನೂ ಅರಿತೇ ಬರೆದದ್ದು. ಜನರ ಸಿಟ್ಟಿಗೆ ಸಿಕ್ಕಿ ನಿಲ್ಲಲಾಗದಿದ್ದರೆ ವಿನಾಯಿತಿ ಇದೆ, ಆದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ತಿಳಿಸಲೇಬೇಕು. ತಳಕಿನ ಬಳಿ ಜನ ಮುತ್ತಿದರೆ ಚಳ್ಳಕೆರೆ ಠಾಣೆಗೆ ಹೋಗಿ ನಿಂತವನು ತಪ್ಪಿಸಿಕೊಂಡವನಲ್ಲ. ಕೊರಳಪಟ್ಟಿ ಹಿಡಿದು ಹೊಡೆಯುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಹೊಡೆತ ಕೂಡ ಒಂದು ಅಪರಾಧ, ಅದಕ್ಕೂ ಎಫ್‌ಐಆರ್ ಆಗುತ್ತದೆ.

ಅವನ ಮೇಲೆ ಬೀಳುವ ಕಲಮುಗಳು ಭಾರತೀಯ ನ್ಯಾಯ ಸಂಹಿತೆಯವು. ಅಜಾಗರೂಕ ಚಾಲನೆಗೆ 281, ಗಾಯಕ್ಕೆ 125, ನಿರ್ಲಕ್ಷ್ಯದಿಂದಾದ ಸಾವಿಗೆ 106(1). ಹಳೆಯ ದಂಡಸಂಹಿತೆಯ 304ಎಯಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ ಈಗ ಐದು ವರ್ಷ. ತಿಳಿಸದೆ ಪರಾರಿಯಾದರೆ ಹತ್ತು ವರ್ಷ ಎಂಬ 106(2)ರ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು; ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. 281, 125, 106(1) ಮೂರೂ ಜಾಮೀನು ಕೊಡಲೇಬೇಕಾದ ಅಪರಾಧಗಳು. ಇಲ್ಲಿ ಜಾಮೀನು ಯಾರ ದಯೆಯೂ ಅಲ್ಲ, ಠಾಣೆಯಲ್ಲೇ ಸಿಗಬೇಕು. ಶ್ಯೂರಿಟಿ ಕೊಡಲು ಗತಿಯಿಲ್ಲದ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಕುಡಿದು ಓಡಿಸಿ ಸಾವು ತಂದವನ ಮೇಲೆ ಇದಕ್ಕಿಂತ ಗಟ್ಟಿ ಕಲಂ ಬೀಳಬಹುದು, ಅಲ್ಲಿ ಈ ಮಾತು ನಡೆಯದು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಹಾಜರಾಗಲು ನೋಟಿಸು ಕೊಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದೇ ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮಾತು ಬಂದದ್ದೂ ಮುಂಬೈನ ಒಂದು ಅಪಘಾತದ ಪ್ರಕರಣದಲ್ಲೇ, ಅದೂ ದುಬಾರಿ ಕಾರಿನ ಚಾಲಕನ ಅರ್ಜಿಯಲ್ಲಿ. ಕಾರಿನವನಿಗೆ ದಕ್ಕಿದ ಹಕ್ಕು ಲಗೇಜ್ ಗಾಡಿಯ ಹುಡುಗನಿಗೂ ದಕ್ಕಬೇಕು. ಮನೆಯಲ್ಲಿ ತೆಲುಗು ಆಡುವವನಿಗೆ ತೆಲುಗಿನಲ್ಲಿ. ಠಾಣೆಯಲ್ಲಿ ಅವನು ಏನನ್ನು ‘ಒಪ್ಪಿಕೊಂಡರೂ’ ಅದು ಅವನ ವಿರುದ್ಧ ತಪ್ಪೊಪ್ಪಿಗೆಯಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಎಂಬುದು ಸಂವಿಧಾನದ 20(3)ನೇ ವಿಧಿ.

ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ನಿಯಮಗಳನ್ನು 1996ರ ಡಿ.ಕೆ.ಬಸು ತೀರ್ಪು ಪಟ್ಟಿ ಮಾಡಿತು. ಅವುಗಳನ್ನು ಎಲ್ಲ ಠಾಣೆಗಳಲ್ಲೂ ಜನರ ಕಣ್ಣಿಗೆ ಬೀಳುವಂತೆ ಹಾಕಬೇಕು ಎಂದೂ ಹೇಳಿತು. ಮೊಳಕಾಲ್ಮುರು ಸೀಮೆಗೆ ಈ ಕ್ರಮ ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಆಜ್ಞೆ ಇದೆ. ಅದು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ ಬಂದದ್ದು. ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಪೀಡಿಸಬೇಡಿ ಎಂದು ಅದೇ ದೊರೆ ಅಧಿಕಾರಿಗಳಿಗೆ ಹೇಳಿದ ಶಾಸನ ಒಡಿಶಾದ ಧೌಲಿಯಲ್ಲಿದೆ, ಅದರ ತುಣುಕುಗಳು ನಮ್ಮ ಸನ್ನತಿಯಲ್ಲೂ ಸಿಕ್ಕಿವೆ. ಅಧಿಕಾರಿಗೆ ಕೊಟ್ಟ ಆಜ್ಞೆಯನ್ನು ಊರೆಲ್ಲ ಕಾಣುವ ಬಂಡೆಯ ಮೇಲೆ ಕೊರೆಸಿದ್ದರಲ್ಲಿ ಒಂದು ಅರ್ಥವಿದೆ: ಅಧಿಕಾರಿ ಮರೆತರೆ ಜನ ನೆನಪಿಸಲಿ. ಠಾಣೆಯ ಗೋಡೆಯ ಫಲಕಕ್ಕೂ ಅದೇ ಕೆಲಸ. ಓದುವವರು ಬೇಕು ಅಷ್ಟೆ.

ಈಗ ‘ಒಪ್ಕೊಂಡು ದಂಡ ಕಟ್ಟು’ ಎಂಬ ಬುದ್ಧಿಮಾತಿಗೆ ಬರೋಣ. ತಪ್ಪೊಪ್ಪಿಕೊಂಡರೆ ಕೇಸು ಮುಗಿಯುವುದು ನಿಜ, ಆದರೆ ಅದು ಮುಗಿಯುವುದು ಶಿಕ್ಷೆಯಲ್ಲಿ. ಸಾವಿನ ಪ್ರಕರಣವಾದರೆ ದಂಡದ ಜೊತೆ ಸೆರೆವಾಸವೂ ಬರಬಹುದು. ನಾಳೆ ಸರ್ಕಾರಿ ಬಸ್ಸಿನ ಚಾಲಕನ ಹುದ್ದೆಗೆ ಅರ್ಜಿ ಹಾಕುವಾಗ ಈ ಶಿಕ್ಷೆಯನ್ನು ಬರೆಯಬೇಕಾಗುತ್ತದೆ. ನಿಜವಾಗಿ ತಪ್ಪು ಮಾಡಿ, ತಿಳಿದು ಒಪ್ಪಿಕೊಳ್ಳುವುದು ಒಂದು; ಬೇಗ ಮನೆಗೆ ಹೋಗಬಹುದೆಂದು ಒಪ್ಪಿಕೊಳ್ಳುವುದು ಇನ್ನೊಂದು.

ಅಪಘಾತ ಆಯಿತು ಎಂದ ಮಾತ್ರಕ್ಕೆ ಅಪರಾಧ ಆಯಿತು ಎಂದೇನಲ್ಲ. ಕರ್ನಾಟಕದ್ದೇ ಒಂದು ಪ್ರಕರಣ ಕೇಳಿ. 1982ರ ನವೆಂಬರ್‌ನಲ್ಲಿ ಹಳ್ಳ ದಾಟುವಾಗ ಟ್ರಕ್ಕೊಂದು ಮಗುಚಿತು. ತೆರೆದ ಟ್ರಕ್ಕಿನಲ್ಲಿ ಕೂತಿದ್ದವರಲ್ಲಿ 15 ಮಂದಿ ಸತ್ತರು. ಕೆಳಗಿನ ಎರಡೂ ಕೋರ್ಟುಗಳು ಚಾಲಕನನ್ನು ಅಪರಾಧಿ ಎಂದವು. ಹೈಕೋರ್ಟ್ ಬಿಡುಗಡೆ ಮಾಡಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮೇಲ್ಮನವಿಯನ್ನು ವಜಾ ಮಾಡಿತು. ಸಾಕ್ಷಿಗಳೆಲ್ಲ ‘ಜೋರಾಗಿ ಓಡಿಸುತ್ತಿದ್ದ’ ಎಂದಿದ್ದರು, ಜೋರೆಂದರೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. ವೇಗ ಎನ್ನುವುದು ಒಬ್ಬೊಬ್ಬರ ಅಂದಾಜಿಗೆ ಒಂದೊಂದು. ಘಟನೆಯೇ ತಪ್ಪನ್ನು ಹೇಳುತ್ತದೆ ಎಂಬ ಊಹೆಯ ಮೇಲೆ ಒಬ್ಬನನ್ನು ಜೈಲಿಗೆ ಕಳಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಗಮನಿಸಿ, ಅದೇ ಊಹೆ ಪರಿಹಾರ ಮಂಡಳಿಯಲ್ಲಿ ನಡೆಯುತ್ತದೆ. ಎರಡು ತಕ್ಕಡಿ ಎಂದದ್ದು ಇದಕ್ಕೇ.

ಇನ್ನೊಂದು ಕೆಟ್ಟ ಚಾಳಿ, ಚಾಲಕನನ್ನು ಬದಲಾಯಿಸುವುದು. ಓಡಿಸಿದವನಿಗೆ ಡಿಎಲ್ ಇಲ್ಲದಿದ್ದರೆ ಡಿಎಲ್ ಇದ್ದ ಬಡವನೊಬ್ಬನನ್ನು ಹಿಡಿದು, ಒಂದಿಷ್ಟು ಕೊಟ್ಟು ‘ನಾನೇ ಓಡಿಸಿದ್ದು’ ಎನ್ನಿಸುತ್ತಾರೆ. ಒಪ್ಪಿದವನು ತಾನು ಮಾಡದ ಅಪರಾಧಕ್ಕೆ ಕಟಕಟೆ ಹತ್ತುತ್ತಾನೆ. ಸುಳ್ಳು ಬಯಲಾದರೆ ಗಾಯಾಳುವಿನ ಕ್ಲೇಮೂ ಅಲುಗಾಡುತ್ತದೆ. ಒಂದೇ ಸುಳ್ಳಿಗೆ ಎರಡೂ ಕಡೆಯವರು ಬಲಿ.

ಹುಡುಗನಿಗೂ ಪೆಟ್ಟಾಗಿದ್ದರೆ? ತಪ್ಪು ಅವನದೇ ಎಂದಾದರೂ, ಕೆಲಸದ ಮೇಲಿದ್ದಾಗ ಗಾಯಗೊಂಡ ನೌಕರನಾಗಿ ನೌಕರರ ಪರಿಹಾರದ ಕಾನೂನಿನಡಿ ಮಾಲೀಕನಿಂದ ಪರಿಹಾರ ಕೇಳಬಹುದು. ಎಣ್ಣೆ ಮಿಲ್ಲಿನ ಯಂತ್ರಕ್ಕೆ ಕೈ ಕೊಟ್ಟವನಿಗೂ ಅದೇ ಕಾನೂನು. ಇಂದು ಆರೋಪಿಯಾದವನು ನಾಳೆ ಗಾಯಾಳು, ಇಂದಿನ ಗಾಯಾಳು ನಾಡಿದ್ದು ಆರೋಪಿ. ನಮ್ಮ ಕಡೆ ಒಂದೇ ಮನೆಯ ಅಣ್ಣ ಹಮಾಲಿಯಾಗಿರುತ್ತಾನೆ, ತಮ್ಮ ಲಾರಿ ಹತ್ತಿರುತ್ತಾನೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಚಿಂತೆಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಉತ್ತರ ಕೊಡುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರೆಲ್ಲರಿಗೂ ಆದಾಯ ನೋಡದೆ ಪುಕ್ಕಟೆ ವಕೀಲರು ಸಿಗಬೇಕು. ಆ ಹೆಂಡತಿಗೂ ಸಿಗುತ್ತದೆ, ಬಂಧನದಲ್ಲಿರುವ ಆ ಹುಡುಗನಿಗೂ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ‘ಬಂದ ದುಡ್ಡಲ್ಲಿ ನಮಗಿಷ್ಟು ಪಾಲು’ ಎಂದು ವಕೀಲರು ಕರಾರು ಮಾಡುವುದನ್ನು ಅವರದೇ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಪರಿಹಾರದ ಕ್ಲೇಮಿನಲ್ಲಿ ರಾಜಿ ಬೇಕೆಂದರೆ ಅದಕ್ಕೂ ಸರಿಯಾದ ಜಾಗವಿದೆ, ಲೋಕ ಅದಾಲತ್. ಅಲ್ಲಿ ಒಪ್ಪುವ ಮೊದಲು ಮೇಲಿನ ಗಣಿತ ಕೈಯಲ್ಲಿರಲಿ, ಏಕೆಂದರೆ ಅದಾಲತ್ತಿನ ತೀರ್ಪಿಗೆ ಅಪೀಲು ಇಲ್ಲ. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ಹಾಗಾದರೆ ಮೂರನೆಯ ದಿನ ಬಂದ ಆ ಹಿರಿಯರು ಏನು ಹೇಳಬೇಕಿತ್ತು? ಸಾವಿನ ಕ್ರಿಮಿನಲ್ ಕೇಸನ್ನು ಊರವರು ಕೂಡಿ ರಾಜಿ ಮಾಡಲು ಕಾನೂನಿನಲ್ಲಿ ಜಾಗವೇ ಇಲ್ಲ, ಆ ಮಾತು ಬಿಡಿ. ಹೆಂಡತಿಗೆ ಹೇಳಬಹುದಿತ್ತು: ‘ಎಫ್‌ಐಆರ್ ಕಾಪಿ ಇಸ್ಕೊಂಡು ಇಟ್ಕೊಳಮ್ಮ, ಆರು ತಿಂಗಳೊಳಗೆ ಅರ್ಜಿ ಬೀಳ್ಬೇಕು.’ ಹುಡುಗನ ಅಪ್ಪನಿಗೆ ಹೇಳಬಹುದಿತ್ತು: ‘ವಕೀಲರನ್ನ ಕೇಳದೆ ಏನೂ ಒಪ್ಕೋಬೇಡಿ, ಡಿಎಲ್ಲು ಇನ್ಶೂರೆನ್ಸು ಪೊಲೀಸ್ರಿಗೆ ಸರಿಯಾಗಿ ಕೊಡ್ರಿ.’ ಹುಡುಗ ಡಿಎಲ್ ಮತ್ತು ವಿಮೆ ಸರಿಯಾಗಿ ಒಪ್ಪಿಸಿದಷ್ಟೂ ಆಕೆಯ ಕ್ಲೇಮು ಗಟ್ಟಿಯಾಗುತ್ತದೆ. ಆಕೆಗೆ ವಿಮೆಯಿಂದ ನ್ಯಾಯವಾದದ್ದು ಬಂದರೆ ಅವನ ಮೇಲಿನ ಊರ ಸಿಟ್ಟು ತಣಿಯುತ್ತದೆ. ಮುಂದೆ ಒಂದು ದಿನ ಎಂವಿಸಿ ವಾಯಿದೆಗೆ ಆಕೆ, ಕ್ರಿಮಿನಲ್ ವಾಯಿದೆಗೆ ಅವನು, ಕೋರ್ಟಿನ ಆವರಣದ ಒಂದೇ ನೆರಳಿನಲ್ಲಿ ಹೆಸರು ಕೂಗುವುದನ್ನು ಕಾಯುತ್ತಾ ಕೂರಬೇಕಾಗಬಹುದು. ಆಗ ಮುಖ ತಿರುಗಿಸಿಕೊಳ್ಳುವ ಅಗತ್ಯ ಇಬ್ಬರಿಗೂ ಇರದು.